ಮೇಕೆಯ ಜೊತೆಗೆ ಮೇವಿನ ಕಡ್ಡಿ

ತಮಿಳುನಾಡು ಪಶುಸಂಗೋಪನಾ ಇಲಾಖೆಯ ನಿರ್ದೇಶಕರಿಗೆ,



ಚೆನ್ನೈ ಅಂಚಿನ ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋದವರು ಬರಿಗೈಲಿ ಮರಳುವುದು ಅಪರೂಪ. ಹಳೆ ಫ್ಯಾನು, ಕಾಲು ಮುರಿದ ಕುರ್ಚಿ, ಗುಲಾಬಿ ಸಸಿ, ಬಣ್ಣದ ಹಕ್ಕಿ, ಕೋಳಿ, ಮೇಕೆ, ಎಲ್ಲಕ್ಕೂ ಅಲ್ಲಿ ಗಿರಾಕಿಗಳಿದ್ದಾರೆ. ಆದರೆ ಸಂತೆಯ ಮೇಕೆ, ಅದು ಪಲ್ಲಾವರಂನದಾಗಲಿ ನಮ್ಮ ಅಮೀನಗಡದ್ದಾಗಲಿ, ತನ್ನ ಪೂರ್ವಕಥೆ ಹೇಳುವುದಿಲ್ಲ. ಯಾವ ಲಸಿಕೆ ಬಿದ್ದಿದೆ, ನಿನ್ನೆ ಯಾವ ಮಂದೆಯಲ್ಲಿತ್ತು, ನಾಳೆ ಏನು ತಿನ್ನಬೇಕು ಎಂಬುದನ್ನೆಲ್ಲ ಕೊಂಡವನೇ ಊಹಿಸಿಕೊಳ್ಳಬೇಕು.

ಊಹೆ ತಪ್ಪುವುದು ಮೊದಲು ಮೇವಿನಲ್ಲಿ.

ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಪರಿಷ್ಕೃತವಾದಾಗ ಕುರಿ-ಮೇಕೆ ಫಾರಂಗಳ ಬಂಡವಾಳದಲ್ಲಿ ಅರ್ಧವನ್ನು ಸಬ್ಸಿಡಿಯಾಗಿ ಕೊಡುವ ಏರ್ಪಾಟಾಯಿತು. 500 ಹೆಣ್ಣು, 25 ಹೋತಗಳ ಘಟಕಕ್ಕೆ ಅದರ ಮಿತಿ 50 ಲಕ್ಷ ರೂಪಾಯಿ. ದುಡ್ಡು ಸಹಜವಾಗಿಯೇ ಕಣ್ಣಿಗೆ ಕಾಣುವುದಕ್ಕೆ ಹರಿಯುತ್ತದೆ: ಎತ್ತರದ ಅಟ್ಟಣೆ, ಪ್ಲಾಸ್ಟಿಕ್ ಜಾಲರಿಯ ನೆಲ, ಯೂಟ್ಯೂಬ್ ನೋಡಿ ಮನಸೋತ ಬೋಯರ್ ತಳಿಯ ಹೋತ. ಕಟ್ಟಿ ಮೇಯಿಸುವ ಫಾರಂನಲ್ಲಿ ದಿನದ ಖರ್ಚಿನ ದೊಡ್ಡ ಪಾಲು ಮೇವಿನದೇ. ಫೋಟೊದಲ್ಲಿ ಮಾತ್ರ ಅದು ಚೆನ್ನಾಗಿ ಬರುವುದಿಲ್ಲ.

ಬೆಳೆದ ಮೇಕೆಗೆ ದಿನಕ್ಕೆ ನಾಲ್ಕು ಕೆಜಿ ಹಸಿಮೇವು ಎಂದಿಟ್ಟುಕೊಂಡರೆ ನೂರು ಮೇಕೆಗೆ ವರ್ಷಕ್ಕೆ 146 ಟನ್ ಬೇಕು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಸಿಒ-5 ನೇಪಿಯರ್ ಹುಲ್ಲಿನ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ 360 ಟನ್ ಎನ್ನುತ್ತಾರೆ. ಅಂದರೆ ಎಕರೆಗೆ ಹೆಚ್ಚೂಕಡಿಮೆ ಅಷ್ಟೇ 146. ಕಾಗದದ ಮೇಲೆ ಒಂದು ಎಕರೆ ಸಾಕು. ರೈತನ ಹೊಲದಲ್ಲಿ ಅದರ ಅರ್ಧ ಬಂದರೆ ಎರಡು ಎಕರೆ ಬೇಕು, ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಎರಡೂ ಸಾಲದು. ಬರೀ ಹುಲ್ಲಿನಲ್ಲಿ ಮೇಕೆ ಮೈ ತುಂಬಿಕೊಳ್ಳುವುದೂ ಇಲ್ಲ. ತಮಿಳರು ಅಗತ್ತಿ ಎನ್ನುವ ಚೊಗಚೆ ಸೊಪ್ಪು, ವೇಲಿಮಸಾಲ್ (ಹೆಡ್ಜ್ ಲೂಸರ್ನ್), ಸುಬಾಬುಲ್ ಬೇಕೇ ಬೇಕು. ಸುಬಾಬುಲ್ ಮಾತ್ರ ಮೇವಿನ ಮೂರನೇ ಒಂದು ಪಾಲು ದಾಟಬಾರದು, ಅದರ ಎಲೆಯಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ. ಪಲ್ಲಾವರಂ ಸುತ್ತ ಬಯಲೆಲ್ಲ ಬಡಾವಣೆಯಾಗಿ ಮೇಯಲು ಬಿಡುವ ಮಾತೇ ಉಳಿದಿಲ್ಲ. ಬಿಸಿಲು ತಡೆದು ಮೇಯುವ, ಚೆಂಗಲ್‌ಪಟ್ಟು ಸೀಮೆಯದೇ ಆದ ಮದ್ರಾಸ್ ರೆಡ್ ಕುರಿಗೂ ಈಗ ಜಾಗ ಹುಡುಕಬೇಕು.

ಇನ್ನು ರೋಗ. ಕನ್ನಡದ ಕುರಿಗಾಹಿಗಳು ಹಿರೇಬೇನೆ ಎನ್ನುವ ಪಿಪಿಆರ್ ಭಾರತದಲ್ಲಿ ಮೊದಲು ಕಂಡದ್ದು 1987ರಲ್ಲಿ, ತಮ್ಮದೇ ವಿಲ್ಲುಪುರಂ ಕಡೆಯ ಅರಸೂರಿನಲ್ಲಿ. ಅಲ್ಲಿ ಸಿಕ್ಕ ವೈರಸ್‌ನಿಂದಲೇ ತಮಿಳುನಾಡಿನ ವಿಜ್ಞಾನಿಗಳು ‘ಅರಸೂರ್ 87’ ಲಸಿಕೆ ಮಾಡಿದರು. ಒಂದು ಸಲ ಹಾಕಿದರೆ ಸುಮಾರು ಮೂರು ವರ್ಷ ರಕ್ಷಣೆ. ಜಗತ್ತು ಈ ರೋಗವನ್ನು 2030ರೊಳಗೆ ಅಳಿಸಲು ಹೊರಟಿದೆ. ಆದರೆ ಸೋಂಕು ತಗುಲಿದ ಮೇಕೆ ನಾಲ್ಕಾರು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಶುಕ್ರವಾರ ಕೊಂಡದ್ದು ಬುಧವಾರ ಮೂಗು ಸುರಿಸುವ ಹೊತ್ತಿಗೆ ಮನೆಯ ಹಳೆ ಮೇಕೆಗಳೆಲ್ಲ ಅದರ ಜೊತೆ ಒಂದೇ ಗೋದಲಿಯಲ್ಲಿ ಬಾಯಿಟ್ಟಿರುತ್ತವೆ. ಮೂರು ವಾರ ಬೇರೆ ಕಟ್ಟಿ, ಜಂತಿನ ಔಷಧಿ ಕುಡಿಸಿ, ರಕ್ತಹೀನತೆ ತಿಳಿಯಲು ಕೆಳರೆಪ್ಪೆ ಮಗುಚಿ ಕೆಂಪಗಿದೆಯೋ ಬಿಳಿಚಿಕೊಂಡಿದೆಯೋ ನೋಡಿ ಎಂದು ಹೇಳಿಕೊಡಲು ಸಂತೆಯಲ್ಲಿ ಒಬ್ಬರಿದ್ದರೂ ಎಷ್ಟೋ ಮಂದೆ ಉಳಿಯುತ್ತವೆ.

ಹಾಗಾಗಿ ಕೋರಿಕೆ ಸಣ್ಣದು. ಶುಕ್ರವಾರ ಬೆಳಿಗ್ಗೆ ಸಂತೆಯಲ್ಲಿ ಒಂದು ಮೇಜು, ಒಬ್ಬ ಪಶುವೈದ್ಯರು, ಒಂದು ತಕ್ಕಡಿ, ಲಸಿಕೆ ದಾಖಲಿಸುವ ಚೀಟಿ. ಜಿಎಸ್‌ಟಿ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಕಾಟ್ಟುಪಾಕ್ಕಂನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ, ತಿಳಿದವರಿಗೆ ಬರವಿಲ್ಲ. ದೊಡ್ಡ ಸಬ್ಸಿಡಿಯ ಅರ್ಜಿಗಳಲ್ಲಿ ಕೊಟ್ಟಿಗೆಯ ನಕ್ಷೆಗಿಂತ ಮೊದಲು, ಮೊಣಕಾಲೆತ್ತರ ಬೆಳೆದ ಮೇವಿನ ತಾಕನ್ನು ಅಧಿಕಾರಿಗಳು ನೋಡಿ ಬರಲಿ. ಸಂತೆಯಲ್ಲಿ ಮೇಕೆ ಕೊಂಡವರ ಕೈಗೆ ಎರಡು ಗಿಣ್ಣಿನ ನೇಪಿಯರ್ ಕಡ್ಡಿಗಳ ಒಂದು ಕಟ್ಟನ್ನೂ ಇಲಾಖೆ ಕೊಟ್ಟು ಕಳಿಸಲಿ. ನೀರಿದ್ದರೆ ಎರಡೂವರೆ ತಿಂಗಳಿಗೆ ಅದು ಮೊದಲ ಕೊಯ್ಲಿಗೆ ಬರುತ್ತದೆ.