ಅರವತ್ತು ದಿನದ ನಿಷೇಧ, ತಲೆಮಾರುಗಳ ಬಾಕಿ

ಕೀಟನಾಶಕಗಳ ನಿಯಂತ್ರಣಕ್ಕೆಂದು ಈ ದೇಶ ಮಾಡಿಕೊಂಡ 1968ರ ಕಾಯ್ದೆಯು ತಾನು ರಕ್ಷಿಸಬೇಕಾದವರನ್ನು ರಕ್ಷಿಸಲಿಲ್ಲ ಎಂಬುದು ಇಂದು ವಾದದ ವಿಷಯವಾಗಿ ಉಳಿದಿಲ್ಲ. ಆ ವೈಫಲ್ಯದ ಬೆಲೆಯನ್ನು ಯಾರು ತೆತ್ತರು, ಯಾರು ಇಂದಿಗೂ ತೆರುತ್ತಿದ್ದಾರೆ, ಯಾರು ತೆರದೆಯೇ ಪಾರಾದರು ಎಂಬ ಲೆಕ್ಕವಷ್ಟೇ ಬಾಕಿ ಇದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎರೆಭೂಮಿಯಲ್ಲಿ ಹತ್ತಿ, ಸೋಯಾ, ಕಡಲೆ, ಮೆಣಸಿನಕಾಯಿ ಬೆಳೆಯುವ ಕುಟುಂಬಗಳು ಈ ಲೆಕ್ಕದ ಒಂದು ತುದಿಯಲ್ಲಿದ್ದರೆ, ವಿಧಾನಸಭೆ ಮತ್ತು ಸಂಸತ್ತು ಇನ್ನೊಂದು ತುದಿಯಲ್ಲಿವೆ. ಇವೆರಡರ ನಡುವೆ ಹೊಣೆಗಾರಿಕೆ ಎಲ್ಲಿ ಕಳೆದುಹೋಯಿತೆಂಬುದನ್ನು ಸಾವಧಾನವಾಗಿ ಪರಾಮರ್ಶಿಸಬೇಕಾಗಿದೆ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ವಿಚಾರಣೆಯ ಫಲವಾಗಿ, ಒಂದು ದಶಕದ ನಂತರ, ಈ ಕಾಯ್ದೆ ಬಂತು. ವಿಷದ ನೋಂದಣಿ, ತಯಾರಿಕೆ, ಸಾಗಾಟ, ಮಾರಾಟ ಇವಕ್ಕೆಲ್ಲ ಅದು ಕಟ್ಟಳೆ ವಿಧಿಸಿತು. ಆದರೆ ಯಾವ ವಿಷ ದೇಶದಲ್ಲಿರಬೇಕು, ಯಾವುದು ಇರಬಾರದು ಎಂಬ ಅಂತಿಮ ಅಧಿಕಾರವನ್ನು ದೆಹಲಿಯಲ್ಲೇ ಉಳಿಸಿತು. ವಿಷದ ಪರಿಣಾಮವನ್ನು ಕಣ್ಣಾರೆ ಕಾಣುವ ರಾಜ್ಯ ಸರ್ಕಾರಕ್ಕೆ 27ನೇ ಕಲಮಿನಡಿ ದಕ್ಕಿದ್ದು ಅರವತ್ತು ದಿನಗಳ ತಾತ್ಕಾಲಿಕ ನಿಷೇಧದ ಅಧಿಕಾರ; ತನಿಖೆ ಮುಗಿಯದಿದ್ದರೆ ಇನ್ನೊಂದು ಮೂವತ್ತು ದಿನ. ಜಿಲ್ಲಾ ಪಂಚಾಯಿತಿಗಾಗಲಿ ಗ್ರಾಮ ಪಂಚಾಯಿತಿಗಾಗಲಿ ಅದೂ ಇಲ್ಲ. ಒಂದು ಹಂಗಾಮಿನ ಬೆಳೆ ಕೈಗೆ ಬರುವಷ್ಟು ಕಾಲವೂ ಬಾಳದ ಈ ಅಧಿಕಾರವನ್ನು ರಕ್ಷಣೆಯೆಂದು ಕರೆಯುವುದು ಕಷ್ಟ.

ಇದರ ಅರ್ಥವೇನೆಂಬುದನ್ನು ಕರ್ನಾಟಕ ತನ್ನ ಕರಾವಳಿಯಲ್ಲಿ ಕಲಿತಿದೆ. ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ್ದು ಯಾವುದೋ ಖಾಸಗಿ ಕಂಪನಿಯಲ್ಲ, ಸರ್ಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಹೆಲಿಕಾಪ್ಟರಿನಿಂದ ಅದನ್ನೇ ಮಾಡಿತು. ಅಲ್ಲಿನ ಕನ್ನಡ ಹಳ್ಳಿ ಪಡ್ರೆಯಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಎಪ್ಪತ್ತರ ದಶಕದ ಕೊನೆಯಲ್ಲೇ ಬರೆದಿದ್ದರು. 1998ರಲ್ಲಿ ಕೃಷಿ ಇಲಾಖೆಯ ಮಹಿಳಾ ನೌಕರರೊಬ್ಬರು ಕಾಸರಗೋಡಿನ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ಸರ್ಕಾರಗಳು ಮಾಡದ ಕೆಲಸವನ್ನು ಒಬ್ಬ ಹೆಣ್ಣುಮಗಳ ದಾವೆ ಮಾಡಬೇಕಾಯಿತು. ಕರ್ನಾಟಕ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರ ಫೆಬ್ರುವರಿಯಲ್ಲಿ, ಕಾಯ್ದೆ ಕೊಟ್ಟ ಅರವತ್ತು ದಿನಗಳ ಮಟ್ಟಿಗೆ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶವ್ಯಾಪಿ ತಡೆ ನೀಡದೆ ಹೋಗಿದ್ದರೆ ಆ ಆದೇಶದ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಠಿಣವಲ್ಲ.

ಬಾಕಿ ಶುರುವಾದದ್ದು ಅಲ್ಲಿಂದ ಮುಂದೆ. ಸಂತ್ರಸ್ತರಿಗೆ ಮಾಸಾಶನ, ಆರೈಕೆ ಕೇಂದ್ರ, ಚಿಕಿತ್ಸೆ ಇವೆಲ್ಲ ರಾಜ್ಯದ ಬೊಕ್ಕಸದ ಪಾಲಿಗೆ ಬಂದವು. ಕೇರಳದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು, ಆ ಮೊತ್ತವನ್ನು ಕಂಪನಿಗಳಿಂದ ವಸೂಲಿ ಮಾಡಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರ ಪೈಕಿ ಎಂಟೇ ಮಂದಿಗೆ ಹಣ ಸಂದಿರುವುದನ್ನು ಕಂಡು ಅದೇ ನ್ಯಾಯಾಲಯ ಖೇದ ವ್ಯಕ್ತಪಡಿಸಿತು. ಅಷ್ಟು ಮಂದಿಗೆ ಕೊಡಬೇಕಾದ ಪರಿಹಾರವೇ 185 ಕೋಟಿ ರೂಪಾಯಿ ಮೀರುತ್ತದೆ. ಒಂದು ಕಾನೂನು ಸಕಾಲದಲ್ಲಿ ಕೆಲಸ ಮಾಡದಿದ್ದರೆ ಬೀಳುವ ಖರ್ಚಿಗೆ ಇದು ಒಂದು ಜಿಲ್ಲೆಯ, ಒಂದು ವಿಷದ ದರ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೆಲಿಕಾಪ್ಟರ್ ಹಾರಲಿಲ್ಲ. ಇಲ್ಲಿ ಎಣ್ಣೆ ಹೊಡೆಯುವವನು ಬೆನ್ನಿಗೆ ಪಂಪು ಕಟ್ಟಿಕೊಂಡ ರೈತ ಅಥವಾ ಕೂಲಿಯಾಳು. ಮುಖಕ್ಕೆ ಟವೆಲ್ಲು, ಕಾಲಿಗೆ ಏನೂ ಇಲ್ಲ. ಅವನು ಕೊಂಡ ಡಬ್ಬಿಯಲ್ಲಿ ಇರಬೇಕಾದದ್ದೇ ಇದೆಯೆ ಎಂದು ತಿಳಿಯಲು ಕಾಯ್ದೆ ತೋರಿಸುವ ಹಾದಿಯನ್ನು ಒಮ್ಮೆ ನಡೆದು ನೋಡಬೇಕು. ಕೀಟನಾಶಕ ಪರಿವೀಕ್ಷಕನ ಹೊಣೆ ಹೊತ್ತ ಕೃಷಿ ಅಧಿಕಾರಿ ಅಂಗಡಿಯಿಂದ ಮಾದರಿ ತೆಗೆದು ಮೂರು ಭಾಗ ಮಾಡುತ್ತಾನೆ. ಒಂದು ಅಂಗಡಿಯವನಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ನ್ಯಾಯಾಲಯಕ್ಕೆ. ವರದಿಗೆ ಮೂವತ್ತು ದಿನ. ವರದಿಯನ್ನು ಪ್ರಶ್ನಿಸಲು ಆರೋಪಿಗೆ ಇಪ್ಪತ್ತೆಂಟು ದಿನ. ಪ್ರಶ್ನಿಸಿದರೆ ಮೂರನೆಯ ಭಾಗ ಫರೀದಾಬಾದಿನ ಕೇಂದ್ರ ಪ್ರಯೋಗಾಲಯಕ್ಕೆ. ಮೊಕದ್ದಮೆ ಹೂಡಲು ಸರ್ಕಾರದ ಅಥವಾ ಅದು ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ. ಇಷ್ಟರೊಳಗೆ ಔಷಧದ ಅವಧಿಯೇ ಮುಗಿದಿದ್ದರೆ, ಮರುಪರೀಕ್ಷೆಯ ಹಕ್ಕು ಆರೋಪಿಗೆ ತಪ್ಪಿತೆಂಬ ಕಾರಣಕ್ಕೆ ಮೊಕದ್ದಮೆ ನಿಲ್ಲುವುದಿಲ್ಲ. ಹರಿಯಾಣದ ಯೂನಿಕ್ ಫಾರ್ಮೇಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ ತೀರ್ಮಾನಿಸಿತು. ನ್ಯಾಯದ ದೃಷ್ಟಿಯಿಂದ ಆ ತೀರ್ಪಿನಲ್ಲಿ ದೋಷವಿಲ್ಲ. ಆಡಳಿತದ ನಿಧಾನವೇ ಅಪರಾಧಿಯ ವಕೀಲನಾಗುವಂತೆ ಬಿಟ್ಟವರಲ್ಲಿ ದೋಷವಿದೆ. ಮಾದರಿ ತೆಗೆದ ಬ್ಯಾಚಿನ ಉಳಿದ ಡಬ್ಬಿಗಳೋ, ವರದಿ ಕೈಸೇರುವ ಮುನ್ನವೇ ಮಾರಾಟವಾಗಿ ಹೊಲದ ಮಣ್ಣು ಸೇರಿರುತ್ತವೆ.

ಇಷ್ಟೆಲ್ಲ ಆಗಿ ಅಪರಾಧ ಸಾಬೀತಾದರೂ, 2000ದ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ದಂಡ ಹತ್ತು ಸಾವಿರದಿಂದ ಐವತ್ತು ಸಾವಿರ ರೂಪಾಯಿ ಮಾತ್ರ. ಎರಡು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆಯಾದರೂ ಬರೀ ದಂಡದಲ್ಲೇ ಬಿಟ್ಟುಬಿಡಲು ಕಾಯ್ದೆಯೇ ಅನುಮತಿಸುತ್ತದೆ. ಕಳಪೆ ಔಷಧಕ್ಕೆ ಕಾಯಿಕೊರಕ ಜಗ್ಗದೆ ಹತ್ತಿ ಹಾಳಾದ ನಾಲ್ಕೆಕರೆ ರೈತನ ನಷ್ಟ ಅದಕ್ಕಿಂತ ಹೆಚ್ಚು. ಆ ರೈತ ಗ್ರಾಹಕರ ವೇದಿಕೆಗೆ ಹೋಗಬೇಕೆಂದರೆ ರಸೀದಿ ಬೇಕು. ಪ್ರತಿ ಮಾರಾಟಕ್ಕೂ ರಸೀದಿ ಕೊಡಬೇಕೆಂದು ನಿಯಮವಿದೆ. ಆದರೆ ಉದ್ರಿಯಲ್ಲಿ ಔಷಧ ಒಯ್ದು ಸುಗ್ಗಿಯಲ್ಲಿ ಲೆಕ್ಕ ಮುಟ್ಟಿಸುವವನು, ಸಾಲ ಕೊಟ್ಟವನೂ ಸಲಹೆ ಕೊಟ್ಟವನೂ ಒಬ್ಬನೇ ಆಗಿರುವಾಗ, ಯಾವ ಬಾಯಿಂದ ರಸೀದಿ ಕೇಳಬೇಕು? ಮಾರಾಟಗಾರನಿಗೆ ಕನಿಷ್ಠ ವಿದ್ಯಾರ್ಹತೆ ಇರಬೇಕೆಂಬ ತಿದ್ದುಪಡಿ ಬಂದಾಗಲೂ ಹಳೆಯ ಅಂಗಡಿಗಳಿಗೆ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಆದರೆ ತೆರಿಗೆಗೆ ಇಂಥ ವಿನಾಯಿತಿ ಇರಲಿಲ್ಲ. ರಾಸಾಯನಿಕ ಕೀಟನಾಶಕದ ಮೇಲೆ ಸರ್ಕಾರ ಶೇ 18ರ ಜಿಎಸ್‌ಟಿ ವಸೂಲಿ ಮಾಡುತ್ತದೆ. ಡಬ್ಬಿಯೊಳಗೆ ಏನಿದೆ ಎಂಬ ಖಾತರಿ ನೀಡಲಾಗದ ವ್ಯವಸ್ಥೆಗೆ ಆ ಡಬ್ಬಿಯಿಂದ ವರಮಾನ ಪಡೆಯುವ ನೈತಿಕ ಅಧಿಕಾರ ಎಷ್ಟಿದೆ ಎಂಬುದನ್ನು ಅಧಿಕಾರದಲ್ಲಿ ಇರುವವರು ತಮ್ಮನ್ನೇ ಕೇಳಿಕೊಳ್ಳಬೇಕು.

ರಾಜಕೀಯವಾಗಿ ಇದಕ್ಕೆ ಬೆಲೆ ಇಲ್ಲವೆಂದು ಭಾವಿಸಿದವರು ಮಲಪ್ರಭೆಯ ದಂಡೆಯ ಇತಿಹಾಸವನ್ನು ಮರೆತಿದ್ದಾರೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಸಂಕರ ಹತ್ತಿ ಈ ಅಚ್ಚುಕಟ್ಟಿನ ರೈತನಿಗೆ ಮೊದಲು ಹಣ ತಂದಿತು. ಅದರ ಬೆನ್ನಿಗೇ ಗೊಬ್ಬರದ, ಔಷಧದ ಖರ್ಚೂ ಬಂತು. ಧಾರಣೆ ಕುಸಿದಾಗ, ಅದರ ಮೇಲೆ ಅಭಿವೃದ್ಧಿ ಕರದ ನೋಟಿಸು ಬಂದಾಗ, 1980ರಲ್ಲಿ ನವಲಗುಂದ, ನರಗುಂದ, ಸವದತ್ತಿಯ ರೈತರು ಬೀದಿಗಿಳಿದರು. ಜುಲೈ 21ರಂದು ಗುಂಡು ಹಾರಿತು, ರೈತರು ಸತ್ತರು. ಎರಡೂವರೆ ವರ್ಷದ ಬಳಿಕ ಗುಂಡೂರಾಯರ ಸರ್ಕಾರ ಚುನಾವಣೆಯಲ್ಲಿ ಸೋತು, ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸೋಲಿಗೆ ಕಾರಣಗಳು ಹಲವು. ಆದರೆ ಬೇಸಾಯದ ಖರ್ಚು ಮತ್ತು ಆದಾಯಗಳ ನಡುವಿನ ಕಂದರವನ್ನು ಆಳುವವರು ಕಾಣದೆ ಹೋದದ್ದು ಅವುಗಳಲ್ಲಿ ಸಣ್ಣದೇನಲ್ಲ.

ಕೀಟನಾಶಕ ಕಾಯ್ದೆಯನ್ನು ತಿದ್ದಿಕೊಳ್ಳುವ ಅವಕಾಶಗಳು ಬಾರದೆ ಇರಲಿಲ್ಲ. 2008ರ ಕೀಟನಾಶಕ ನಿರ್ವಹಣಾ ಮಸೂದೆ ಕಾನೂನಾಗಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಸಿಂಪಡಣೆಯ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೆರೆತ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹದಿನೇಳು ಜೀವಗಳನ್ನು ಒಯ್ದಿತು. ಬಿಹಾರದಲ್ಲಿ 23 ಶಾಲಾ ಮಕ್ಕಳನ್ನು ಕೊಂದ ವಿಷವೂ ಅದೇ, ಅದಕ್ಕೂ ಐದು ವರ್ಷ ಮೊದಲು. ಮೊನೊಕ್ರೊಟೊಫಾಸ್ ದ್ರಾವಣವನ್ನು ಕೈಬಿಡುವ ಕೇಂದ್ರದ ಆದೇಶ 2023ರವರೆಗೆ ಕಾಯಿತು. 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಇನ್ನೊಂದು ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಕಾನೂನಾಗಿ ಹೊರಬರಲಿಲ್ಲ. ಸ್ಥಳೀಯ ಕಾನೂನು ಮೇಲಿನ ಕಾನೂನಿನೆದುರು ಸೋಲುವುದು ನಮ್ಮಲ್ಲಷ್ಟೇ ನಡೆಯುವ ಸಂಗತಿಯಲ್ಲ. ಹವಾಯಿಯ ಕವಾಯಿ ದ್ವೀಪದ ಕೌಂಟಿ 2013ರಲ್ಲಿ ಮೇಯರ್‌ನ ವಿಟೊವನ್ನೂ ಮೀರಿ ಅಂಗೀಕರಿಸಿದ ಕೀಟನಾಶಕ ಶಾಸನವನ್ನು, ಆ ಅಧಿಕಾರ ರಾಜ್ಯದ್ದೆಂದು ನ್ಯಾಯಾಲಯ ಮರುವರ್ಷ ರದ್ದುಗೊಳಿಸಿತು. ಅಲ್ಲಿ ಸ್ಥಳೀಯ ಸಂಸ್ಥೆ ಪ್ರಯತ್ನಿಸಿಯಾದರೂ ಸೋತಿತು.

ಬೈಲಹೊಂಗಲ ಉಪವಿಭಾಗದ ಈ ನಾಲ್ಕು ಊರುಗಳು ನಾಲ್ಕು ವಿಧಾನಸಭಾ ಕ್ಷೇತ್ರಗಳೂ ಹೌದು. ಕೇಂದ್ರದ ಕಾಯ್ದೆ ಎಂಬ ನೆಪ ಶಾಸಕರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಕೃಷಿ ಮತ್ತು ಸಾರ್ವಜನಿಕ ಆರೋಗ್ಯ ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ವಿಷಬಾಧೆಯ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವ ಅಧಿಕಾರವನ್ನು 26ನೇ ಕಲಮು ರಾಜ್ಯಕ್ಕೇ ಕೊಟ್ಟಿದೆ. ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಿಗೆ ಸಿಂಪಡಣೆಯ ಬಾಧೆಯಿಂದ ಬಂದವರೆಷ್ಟು, ಅಂಗಡಿಗಳಿಂದ ತೆಗೆದ ಮಾದರಿಗಳೆಷ್ಟು, ಕಳಪೆಯೆಂದು ಕಂಡವೆಷ್ಟು, ಮೊಕದ್ದಮೆಗೆ ಅನುಮತಿ ಸಿಕ್ಕಿದ್ದೆಷ್ಟು, ಅವಧಿ ಮೀರಿ ಬಿದ್ದುಹೋದವೆಷ್ಟು ಎಂಬುದನ್ನು ಬರುವ ಮುಂಗಾರಿನ ಬಿತ್ತನೆಗೆ ಮೊದಲು ಪ್ರತಿ ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಬರೆದು ಹಾಕಲಿ. ಕಳಪೆಯೆಂದು ಸಾಬೀತಾದ ಬ್ಯಾಚಿನ ಸಂಖ್ಯೆ ಮತ್ತು ಕಂಪನಿಯ ಹೆಸರೂ ಅದರಲ್ಲಿರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ನಾಲ್ವರು ಶಾಸಕರು ಒಟ್ಟಾಗಿ ಕೃಷಿ ಸಚಿವರ ಮುಂದೆ ಕುಳಿತು ಕೇಳಿದರೆ ಸಾಕು.