ಕಣ್ಣಿನ ಪೊರೆಯೂ ಮಿತ್ರರ ಕೈಯೂ

ಅರುವತ್ತರ ಹೊಸ್ತಿಲಿಗೆ ಬಂದ ಮನುಷ್ಯನು ತನ್ನ ಅನೇಕ ದೌರ್ಬಲ್ಯಗಳನ್ನು ಒಪ್ಪಿಕೊಳ್ಳುವನು. ಆದರೆ ಓದಿಸಿಯೇ ಬಾಳಿದವನು ತನಗೆ ಓದಲು ಕಾಣದೆಂಬುದನ್ನು ಮಾತ್ರ ಸುಲಭವಾಗಿ ಒಪ್ಪಲಾರನು. ನಮ್ಮದೂ ಅದೇ ಕಥೆ. ಎರಡು ವರ್ಷಗಳಿಂದ ನಮ್ಮ ಬಲಗಣ್ಣಿಗೆ ಮಂಜು ಕವಿದಂತಿತ್ತು. ಕನ್ನಡಕವನ್ನು ಎರಡು ಸಲ ಬದಲಿಸಿದೆವು. ದೀಪದ ಬೆಳಕನ್ನು ಹೆಚ್ಚಿಸಿದೆವು. ಮುದ್ರಕರು ಈಚೆಗೆ ಅಕ್ಷರಗಳನ್ನು ಸಣ್ಣದು ಮಾಡಿರುವರೆಂದು ದೂರಿದೆವು. ಒಂದು ಸಂಜೆ ಬೀದರಿನ ಚೌಬಾರಾದ ಬಳಿ ಎದುರು ಬಂದ ಗಾಡಿಯ ದೀಪವೊಂದು ನಮ್ಮ ಕಣ್ಣಿನಲ್ಲಿ ನೂರಾಗಿ ಒಡೆಯಿತು. ದಾರಿಹೋಕರೊಬ್ಬರು ತೋಳು ಹಿಡಿದು ಎಳೆಯದಿದ್ದರೆ ಈ ಲೇಖನಮಾಲೆಯು ಅಂದೇ ಸಮಾಪ್ತವಾಗುತ್ತಿತ್ತು. ಅದನ್ನೂ ನಾವು ಮನೆಯಲ್ಲಿ ಹೇಳಲಿಲ್ಲ.

ಗುಟ್ಟು ಒಡೆದುದು ಔರಾದಿನಲ್ಲಿ. ಕಳೆದ ಶ್ರಾವಣದಲ್ಲಿ ಅಲ್ಲಿಯ ಮಿತ್ರರ ಮನೆಯಲ್ಲಿ ಕುಮಾರವ್ಯಾಸ ಭಾರತದ ವಾಚನಕ್ಕೆ ಕುಳಿತಿದ್ದೆವು. ಪದ್ಯಗಳು ಕಂಠಸ್ಥವಾಗಿದ್ದುದರಿಂದ ಪುಸ್ತಕವನ್ನು ಮುಂದಿಟ್ಟುಕೊಂಡುದು ಬರಿಯ ಶೋಭೆಗೆ. ಕೇಳುವವರು ತಲೆದೂಗಿದರು. ಎಲ್ಲರೂ ಎದ್ದು ಹೋದ ಮೇಲೆ ಮಿತ್ರರು ಮೆಲ್ಲನೆ, “ಮಾಸ್ತರ್, ಇಪ್ಪತ್ತು ಪದ್ಯ ಆದ್ವು. ಹಾಳಿ ತಿರುವಿದ ಸಪ್ಪಳ ಒಮ್ಮೆನೂ ಕೇಳಲಿಲ್ಲ” ಎಂದರು. ಮೂವತ್ತು ವರ್ಷಗಳ ಸ್ನೇಹಿತರ ಎದುರಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಅವರೇ ನಮ್ಮನ್ನು ಬೀದರಿನ ದವಾಖಾನೆಗೆ ಕರೆದೊಯ್ದರು. ವೈದ್ಯರು ನೋಡಿ, “ಮೋತಿಬಿಂದು ಬಲಿತಿದೆ; ಶಸ್ತ್ರಕ್ರಿಯೆಯೇ ಉಪಾಯ” ಎಂದರು. ಕಣ್ಣಿನೊಳಗೆ ಪಾರದರ್ಶಕವಾದ ಮಸೂರವೊಂದುಂಟು. ವಯಸ್ಸಿನಲ್ಲಿ ಅದು ಮಬ್ಬಾಗುವುದೇ ಈ ಪೊರೆ. ಮಧುಮೇಹವಿದ್ದವರಿಗೆ ಇದು ಬೇಗ ಬರುವ ಸಂಭವ ಹೆಚ್ಚು. ಹನಿ ಹಾಕಿ ಇದನ್ನು ಕರಗಿಸುತ್ತೇವೆನ್ನುವವರ ಮಾತನ್ನು ವಾಚಕರು ನಂಬಬಾರದು, ಅಂತಹ ಔಷಧವಿಲ್ಲ.

ಇಲ್ಲಿ ನಮ್ಮ ಹಳೆಯ ಸಂಸ್ಕೃತದ ಚಪಲವು ಒಂದು ಮಾತನ್ನು ಹೇಳಿಸುತ್ತದೆ. ಮಸೂರವೆಂದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಕೆಂಪು ಬೇಳೆ. ಆಕಾರಸಾಮ್ಯದಿಂದ ಅದರ ಹೆಸರೇ ಕಣ್ಣಿನ ಭಾಗಕ್ಕೂ ಗಾಜಿಗೂ ಬಂದಿದೆ. ‘ಲೆನ್ಸ್’ ಎಂಬ ಶಬ್ದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಅದೇ ಬೇಳೆಯೆಂದೇ ಅರ್ಥ. ಸುಶ್ರುತನು ‘ದೃಷ್ಟಿ’ಯ ಪ್ರಮಾಣವನ್ನು ಹೇಳುವಾಗ ಮಸೂರದ ಬೇಳೆಯಷ್ಟು ಎಂದೇ ಹೇಳಿರುವನು. ಈ ರೋಗದ ಒಂದು ಬಗೆಗೆ ಅವನು ಶಲಾಕೆಯಿಂದ ಕಣ್ಣನ್ನು ವೇಧಿಸಿ ದೃಷ್ಟಿಯ ಆವರಣವನ್ನು ಸರಿಸುವ ಕ್ರಮವನ್ನು ವಿವರಿಸಿ, ಬಳಿಕ ರೋಗಿಯು ಕೆಮ್ಮದೆ, ಸೀನದೆ, ತೇಗದೆ ಮಲಗಿರಬೇಕೆಂದು ವಿಧಿಸಿದನು. ಆದರೆ ಮಸೂರವನ್ನು ಬದಿಗೆ ತಳ್ಳಿದ ಕಣ್ಣಿಗೆ ಬೆಳಕು ಬಂದರೂ ಸ್ಪಷ್ಟತೆ ಬಾರದು. ಆ ಕೊರತೆಯನ್ನು ತುಂಬಿದವನು ಲಂಡನ್ನಿನ ಹೆರಾಲ್ಡ್ ರಿಡ್ಲೆ. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ಉಳಿದರೂ ಕೆರಳಿಸದಿರುವುದನ್ನು ಕಂಡು, ಅವನು ೧೯೪೯ರಲ್ಲಿ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟನು. ನಮ್ಮ ನಾಡಿನಲ್ಲಿಯೇ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರ ಪೊರೆಯನ್ನು ತೆಗೆದರು. ೨೦೦೫ರಲ್ಲಿ ಅವರು ತೀರಿಕೊಂಡರು. ಅವರಿಂದ ಕಣ್ಣು ಪಡೆದವರ ಮನೆಗಳಲ್ಲಿ ಆ ಹೆಸರು ಇಂದಿಗೂ ಬಾಳುತ್ತಿದೆ.

ಇಷ್ಟೆಲ್ಲ ಬಲ್ಲವರಾದರೂ ನಮಗೆ ಭಯ ತಪ್ಪಲಿಲ್ಲ. ಮನೆಯವರು ಮಗಳ ಬಾಣಂತನಕ್ಕಾಗಿ ಸೊಲ್ಲಾಪುರಕ್ಕೆ ಹೋಗಿದ್ದರು. ಅವರು ಬರಲಿ ಎಂದು ನಾವು ನೆವ ಹೇಳಿದೆವು. “ನಾವೇನು ಸತ್ತೇವೇನ್ರೀ?” ಎಂದು ಭಾಲ್ಕಿಯ ಮಿತ್ರರು ಗದರಿಸಿ, ಗೊತ್ತಾದ ದಿನ ಮೊದಲ ರೈಲಿಗೇ ಕೈಚೀಲದೊಡನೆ ಬಂದಿಳಿದರು.

ಶಸ್ತ್ರಕ್ರಿಯೆಯು ಅರ್ಧ ಗಂಟೆಯೊಳಗೆ ಮುಗಿಯಿತು. ಕಣ್ಣನ್ನು ಜೋಮುಗೊಳಿಸಿದ್ದರಿಂದ ನೋವು ತಿಳಿಯಲಿಲ್ಲ. ಪ್ರಖರವಾದ ಬೆಳಕು, ನೀರಿನ ತಂಪು, ವೈದ್ಯರ ಮೆಲುದನಿ, ಇಷ್ಟೇ ನೆನಪು. ಅಂದೇ ಮನೆಗೆ ಕಳುಹಿಸಿದರು. ಕಷ್ಟವೆಲ್ಲ ಆಮೇಲಿನದು. ಎರಡು ಗಂಟೆಗೊಮ್ಮೆ ಹನಿ, ಕಣ್ಣಿಗೆ ನೀರು ತಾಗಬಾರದು, ಉಜ್ಜಬಾರದು, ಬಗ್ಗಿ ಭಾರ ಎತ್ತಬಾರದು, ರಾತ್ರಿ ಕಣ್ಣಿನ ಮೇಲೆ ಕವಚ. ನೋವು ಹೆಚ್ಚಿದರೆ, ಕೆಂಪೇರಿದರೆ, ದೃಷ್ಟಿ ಕುಂದಿದರೆ ಒಡನೆ ಬರಬೇಕೆಂದು ವೈದ್ಯರ ಕಟ್ಟಪ್ಪಣೆ.

ಭಾಲ್ಕಿಯವರು ಒಂದು ವಾರ ನಿಂತರು. ಗಡಿಯಾರವನ್ನು ನೋಡಿ ಹನಿ ಹಾಕುವರು, ಅನ್ನ ಬೇಯಿಸುವರು, ಉಪ್ಪು ಮರೆತು ನಮ್ಮನ್ನೇ ಬಯ್ಯುವರು. ನೆರೆಯಲ್ಲಿದ್ದ ನಮ್ಮ ಹಿಂದಿನ ಸಹೋದ್ಯೋಗಿಗಳಾದ ಉರ್ದು ಮಾಸ್ತರರು ಪ್ರತಿದಿನ ಮುಂಜಾನೆ ಬಂದು ಕನ್ನಡ ಪತ್ರಿಕೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವರು. ನಾವು ಕಣ್ಣು ಮುಚ್ಚಿಕೊಂಡೇ ಒತ್ತಕ್ಷರಗಳನ್ನು ತಿದ್ದುವೆವು. “ರಿಟೈರ್ ಆದರೂ ಛಡಿ ಬಿಡಲಿಲ್ಲ ನೀವು” ಎಂದು ಅವರು ನಗುವರು. ಬಾಳಿನುದ್ದಕ್ಕೂ ಕೊಡುವವರಾಗಿ ಕುಳಿತಿದ್ದ ನಮಗೆ ಪಡೆಯುವ ವಿದ್ಯೆ ತಿಳಿದಿರಲಿಲ್ಲ. ಮೊದಲೆರಡು ದಿನ ಆ ಉಪಕಾರವು ಭಾರವೆನಿಸಿತು. ಮೂರನೆಯ ದಿನ ಹಸಿವಿನಂತೆ ಸಹಜವಾಯಿತು.

ಎಂಟನೆಯ ದಿನ ಔರಾದಿನವರು ಬಸ್ಸಿನಲ್ಲಿ ಬಂದು ಸರದಿಯನ್ನು ವಹಿಸಿಕೊಂಡರು. ಅವರು ಹಾಕಿದ ಹನಿ ಒಮ್ಮೆ ಹುಬ್ಬಿಗೆ, ಒಮ್ಮೆ ಕೆನ್ನೆಗೆ ಬೀಳುತ್ತಿತ್ತು. ಕೈನಡುಕವೆಂದು ನಾವು ತಿಳಿದೆವು. ಮರುದಿನ ಅವರು ನಮ್ಮ ಮೇಲೆ ಬಾಗಿದಾಗ ಕಿಟಕಿಯ ಬಿಸಿಲು ಅವರ ಮೋರೆಯ ಮೇಲಿತ್ತು. ನಮ್ಮ ಹೊಸ ಕಣ್ಣು ನಿಚ್ಚಳವಾಗಿ ನೋಡಿತು: ಅವರ ಎರಡೂ ಪಾಪೆಗಳ ನಡುವೆ ಬೂದಿ ಬಣ್ಣದ ಮಬ್ಬು. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲದು. ಹಾಳಿಯ ಸಪ್ಪಳಕ್ಕೆ ಅವರು ಕಿವಿಗೊಟ್ಟುದು ಏಕೆಂಬುದು ಆಗ ತಿಳಿಯಿತು.

“ನಿಮಗೂ ಅದ ಅಲ್ರೀ! ಯಾಕ ಹೇಳಲಿಲ್ಲ?” ಎಂದೆವು.

ಅವರು ಸೀಸೆಯ ಮುಚ್ಚಳವನ್ನು ತಡಕಾಡಿ ಹಾಕಿ, “ಇಬ್ಬರೂ ಕೂಡೇ ಕಣ್ಣಿಗಿ ಕಟ್ಟಿಕೊಂಡು ಕುಂತರ ಹನಿ ಹಾಕಾವ್ರು ಯಾರು, ಮಾಸ್ತರ್?” ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ಅಳಬಾರದೆಂದು ವೈದ್ಯರು ಹೇಳಿರಲಿಲ್ಲವಾದರೂ ಕಣ್ಣೀರನ್ನು ತಡೆದುಕೊಂಡೆವು.

ಮುಂದಿನ ತಿಂಗಳು ಅವರ ಶಸ್ತ್ರಕ್ರಿಯೆ. ದಿನವನ್ನು ಗೊತ್ತುಪಡಿಸಿಕೊಂಡು ಬಂದಿದ್ದೇವೆ. ಔರಾದಿನಲ್ಲಿ ಹನಿ ಹಾಕುವ ಸರದಿ ನಮ್ಮದು. ಅನ್ನದ ಹೊಣೆ ಭಾಲ್ಕಿಯವರದು. ಉಪ್ಪನ್ನು ನಾವೇ ನೋಡಿಕೊಳ್ಳುವೆವು.

ವಾಚಕರಲ್ಲಿ ಒಂದೇ ಬಿನ್ನಹ. ನಿಮ್ಮ ಮನೆಯ ಹಿರಿಯರು ಪತ್ರಿಕೆಯನ್ನು ಕೈಯಲ್ಲಿ ಹಿಡಿದಿದ್ದರೆ, ಹಾಳಿ ತಿರುವಿದ ಸಪ್ಪಳ ಬರುವುದೋ ಇಲ್ಲವೋ ಎಂದು ಒಮ್ಮೆ ಕಿವಿಗೊಟ್ಟು ಕೇಳಿರಿ.