ನಿಪ್ಪಾಣಿಯ ಧೂಳಿಗೆ ವಿಟಮಿನ್ ಗುಳಿಗೆ ಮದ್ದಲ್ಲ

ವಿಜಯಪುರದ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನಿ ಡಾ. ಕುಶಲ್ ಕೆ. ದಾಸ್ ಮತ್ತು ಅವರ ಸಹೋದ್ಯೋಗಿಗಳು ವರ್ಷಾನುಗಟ್ಟಲೆ ಬೆನ್ನು ಹತ್ತಿರುವ ಪ್ರಶ್ನೆ ಇದು: ನಿಕಲ್, ಸೀಸದಂಥ ಲೋಹಗಳು ಮೈ ಸೇರಿದರೆ, ಆಮ್ಲಜನಕ ಸಾಲದಾದರೆ, ಯಕೃತ್ತು, ರಕ್ತನಾಳಗಳಲ್ಲಿ ಏನು ಕೆಡುತ್ತದೆ? ಇಲಿಗಳ ಮೇಲಿನ ಅವರ ಪ್ರಯೋಗಗಳಲ್ಲಿ ನಿಕಲ್ ಹೊಕ್ಕ ಕಡೆ ಜೀವಕೋಶದ ಕೊಬ್ಬಿನ ಪೊರೆ ಹಾಳಾಯಿತು, ಆ ಹಾಳನ್ನು ತಡೆಯಬೇಕಾದ ಕಿಣ್ವಗಳು ಕುಗ್ಗಿದವು. ವಿಟಮಿನ್ ಸಿ ಕೊಟ್ಟಾಗ ಪೆಟ್ಟು ಸ್ವಲ್ಪ ತಗ್ಗಿತು. ಇಂಥ ಹಾನಿ ಮಾಡುವ, ಆಮ್ಲಜನಕದಿಂದಲೇ ಹುಟ್ಟುವ ಉಗ್ರ ಅಣುಗಳು ದೇಹದ ಹತೋಟಿ ಮೀರುವ ಸ್ಥಿತಿಗೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಇದನ್ನು ಪ್ರಯೋಗಾಲಯದ ಸಂಗತಿ ಎಂದು ಬದಿಗಿಡುವಂತಿಲ್ಲ. ವಿಜಯಪುರ ಜಿಲ್ಲೆಯ ಗಡಿ ದಾಟಿದರೆ ಅಥಣಿ. ಅಲ್ಲಿಂದ ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿವರೆಗೆ ಹಬ್ಬಿರುವುದು ಕಬ್ಬು, ತಂಬಾಕು ಮತ್ತು ಬೀಡಿಯ ನಾಡು. ಆ ಸಂಶೋಧನೆ ಹೇಳುವ ಮಾತು ಮೊದಲು ಮುಟ್ಟಬೇಕಾದದ್ದು ಇಲ್ಲಿನ ದುಡಿಯುವ ಹೆಣ್ಣುಮಕ್ಕಳಿಗೆ, ಅವರ ಮಾಲೀಕರಿಗೆ, ನಮ್ಮ ಆರೋಗ್ಯ ಇಲಾಖೆಗೆ.

ಬೀಡಿ ತಂಬಾಕಿನ ಕೆಲಸ ಬಲ್ಲವರಿಗೆ ಅದರ ಘಾಟು ಏನೆಂದು ಗೊತ್ತು. ಒಣಗಿದ ಎಲೆಯನ್ನು ಕುಟ್ಟಬೇಕು, ದೇಟು ಬೇರ್ಪಡಿಸಬೇಕು, ಜರಡಿ ಹಿಡಿದು ದಪ್ಪ-ಸಣ್ಣ ವಿಂಗಡಿಸಬೇಕು. ಜರಡಿ ಅಲುಗಿದಷ್ಟು ಸಲ ಕಂದು ಧೂಳು ಮುಖದ ಮಟ್ಟಕ್ಕೇ ಏಳುತ್ತದೆ. ಮೂಗು-ಬಾಯಿಗೆ ಸೆರಗು ಬಿಗಿದರೂ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಪುಡಿ ಕೂತಿರುತ್ತದೆ. ನಿಪ್ಪಾಣಿಯ ಈ ಹೆಣ್ಣುಮಕ್ಕಳ ಹೋರಾಟವನ್ನು ನಿರ್ದೇಶಕಿ ದೀಪಾ ಧನರಾಜ್ ಮತ್ತು ಯುಗಾಂತರ ಎಂಬ ಚಲನಚಿತ್ರ ತಂಡ 1982ರಲ್ಲೇ ಚಿತ್ರವಾಗಿಸಿತ್ತು. ಅಂದರೆ ಈ ಧೂಳು ಯಾರಿಗೂ ಹೊಸ ಸುದ್ದಿಯಲ್ಲ. ಧೂಳಿನಲ್ಲಿ ನಿಕೊಟಿನ್ ಇದೆ, ಅದು ಚರ್ಮದ ಮೂಲಕವೂ ರಕ್ತ ಸೇರುತ್ತದೆ. ಮಣ್ಣಿನ ಕ್ಯಾಡ್ಮಿಯಂ ಹೀರಿ ಎಲೆಯಲ್ಲಿ ಕೂಡಿಡುವುದು ತಂಬಾಕು ಗಿಡದ ಸ್ವಭಾವ. ನಿಕಲ್ ಕೂಡ ಅದರಲ್ಲಿರುತ್ತದೆ. ಶ್ವಾಸಕೋಶಕ್ಕೆ ಇಳಿದ ಧೂಳನ್ನು ಹೊರಹಾಕಲು ಬಿಳಿ ರಕ್ತಕಣಗಳು ಮುಗಿಬೀಳುತ್ತವೆ, ಅವು ಬಿಡುವ ಅಸ್ತ್ರವೂ ಅದೇ ಉಗ್ರ ಅಣುಗಳೇ. ದಿನವೂ ಧೂಳು, ದಿನವೂ ಈ ಕಾಳಗ ನಡೆದರೆ ಉರಿಯೂತ ಅಲ್ಲೇ ಬೀಡುಬಿಡುತ್ತದೆ.

ಇದಕ್ಕೆ ಆಮ್ಲಜನಕದ ಕೊರತೆ ಹೇಗೆ ತಳಕು ಹಾಕಿಕೊಳ್ಳುತ್ತದೆ ಎಂಬುದು ಈ ವಿಜ್ಞಾನದ ಅತ್ಯಂತ ಆಸಕ್ತಿಯ ಭಾಗ. ಜೀವಕೋಶ ತನ್ನ ಆಮ್ಲಜನಕದ ಮಟ್ಟವನ್ನು ಹೇಗೆ ಅರಿಯುತ್ತದೆಂದು ಕಂಡುಹಿಡಿದ ಸೆಮೆಂಝಾ, ರ್‍ಯಾಟ್‌ಕ್ಲಿಫ್, ಕೇಲಿನ್ ಅವರಿಗೆ 2019ರ ನೊಬೆಲ್ ಬಂತು. ಆ ಅರಿವಿನ ಕೆಲಸ ಮಾಡುವ ಕಿಣ್ವಕ್ಕೆ ಕಬ್ಬಿಣ ಬೇಕು, ವಿಟಮಿನ್ ಸಿ ಬೇಕು. ನಿಕಲ್ ಎರಡಕ್ಕೂ ಅಡ್ಡಬರುತ್ತದೆ. ಹಾಗಾಗಿ ಸುತ್ತ ಆಮ್ಲಜನಕ ಇದ್ದರೂ ಜೀವಕೋಶ ಉಸಿರುಗಟ್ಟಿದಂತೆ ವರ್ತಿಸತೊಡಗುತ್ತದೆ. ಇನ್ನು ಸಂಜೆ ಮನೆಗೆ ಬಂದ ಹೆಣ್ಣುಮಗಳು ಕಟ್ಟಿಗೆ ಒಲೆ ಹಚ್ಚಿದರೆ, ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಹಿಮೋಗ್ಲೋಬಿನ್ನೇ ಕಡಿಮೆ ಇದ್ದರೆ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಧೂಳು, ಹೊಗೆ, ರಕ್ತಹೀನತೆ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇರಬಹುದು; ಒಬ್ಬಾಕೆಯ ಮೈಯಲ್ಲಿ ಅವು ಒಟ್ಟಿಗೇ ಇರುತ್ತವೆ.

ಹಾಗಾದರೆ ವಿಟಮಿನ್ ಸಿ ಗುಳಿಗೆ ಹಂಚಿಬಿಡೋಣ, ಅಗ್ಗವೂ ಹೌದು, ಇಲಿಗಳಲ್ಲಿ ಫಲವೂ ಕಂಡಿದೆಯಲ್ಲ ಎಂದು ಯಾರಿಗಾದರೂ ತೋಚುವುದು ಸಹಜ. ಔಷಧ ಅಂಗಡಿಯ ‘ಆ್ಯಂಟಿ ಆಕ್ಸಿಡೆಂಟ್’ ಡಬ್ಬಿಗಳು ಮಾರಾಟವಾಗುವುದೂ ಇದೇ ನಂಬಿಕೆಯ ಮೇಲೆ. ಇಲ್ಲಿ ಎಚ್ಚರ ಬೇಕು. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೊಟೀನ್, ವಿಟಮಿನ್ ಇ ಅಥವಾ ಹುಸಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಬೀಟಾ ಕ್ಯಾರೊಟೀನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರಿಗೆ ಬೀಟಾ ಕ್ಯಾರೊಟೀನ್ ಜತೆ ವಿಟಮಿನ್ ಎ ಕೊಟ್ಟ ಇನ್ನೊಂದು ಅಧ್ಯಯನವನ್ನು ಇದೇ ಕಾರಣಕ್ಕೆ 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಆ ಗುಳಿಗೆಗಳಲ್ಲಿ ವಿಟಮಿನ್ ಸಿ ಇರಲಿಲ್ಲ, ನಿಜ. ಆದರೆ ಪ್ರಯೋಗಾಲಯದಲ್ಲಿ ಕಾಪಾಡಿದ್ದು ಹೊಗೆ-ಧೂಳಿನಲ್ಲೇ ಬದುಕುವ ಮನುಷ್ಯನನ್ನೂ ಕಾಪಾಡುತ್ತದೆಂಬ ಭರವಸೆ ಅಲ್ಲಿಗೆ ಮುರಿಯಿತು. ಒಲೆಯ ಬೆಂಕಿ ಹಾಗೇ ಇಟ್ಟು ಬೆಲ್ಲದ ಕೊಪ್ಪರಿಗೆಗೆ ತಣ್ಣೀರು ಚಿಮುಕಿಸುತ್ತ ಕೂತರೆ ಕುದಿ ಇಳಿದೀತೇ? ನೆಲ್ಲಿಕಾಯಿ, ಪೇರಲ, ನಿಂಬೆ ತಿನ್ನಲಿ, ಅದು ಊಟದ ಭಾಗ. ಅದನ್ನೇ ಪರಿಹಾರವೆಂದು ಕೊಟ್ಟು ಧೂಳನ್ನು ಮರೆತರೆ ಅದು ಅನ್ಯಾಯ.

ತಂಬಾಕು ಎಂದರೆ ಈ ಭಾಗದಲ್ಲಿ ಹೊಟ್ಟೆಪಾಡು, ಅದರ ತಂಟೆಗೆ ಹೋಗಬೇಡಿ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1981ರಲ್ಲಿ ಎಲೆಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಗೆ ಇಳಿದ ರೈತರು ನಿಪ್ಪಾಣಿಯಲ್ಲಿ ಪೊಲೀಸ್ ಗುಂಡಿಗೆ ಬಲಿಯಾದರು. ಆ ನೆನಪು ಇರುವ ಊರಿಗೆ ಉಪದೇಶ ಸಲ್ಲದು. ನಾನು ಕೇಳುತ್ತಿರುವುದು ಕಾರ್ಖಾನೆ ಮುಚ್ಚುವುದನ್ನಲ್ಲ. ಜರಡಿಯ ಮೇಲೆ ಧೂಳು ಹೀರುವ ಕೊಳವೆ, ಸರಿಯಾದ ಮಾಸ್ಕ್, ಕೆಲಸ ಮುಗಿದ ಮೇಲೆ ಕೈಕಾಲು ತೊಳೆದು ಬಟ್ಟೆ ಬದಲಿಸಲು ನೀರು ಮತ್ತು ಜಾಗ: ಇವಿಷ್ಟಕ್ಕೆ ಉದ್ಯಮ ಮುಳುಗಿಹೋಗದು. ಹಾಗೆಯೇ ಅಥಣಿ, ಕಾಗವಾಡ, ರಾಯಬಾಗದ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆಗೆ, ಅಂದರೆ ರವದಿಗೆ, ಬೆಂಕಿ ಇಡುವುದನ್ನು ಬಿಟ್ಟು ಅದನ್ನು ಪುಡಿಮಾಡಿ ಮಣ್ಣಿಗೇ ಸೇರಿಸಿದರೆ ಹೊಗೆಯೂ ತಪ್ಪುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಪುಡಿಮಾಡುವ ಯಂತ್ರದ ಖರ್ಚನ್ನು ಸಣ್ಣ ರೈತನ ತಲೆಗೆ ಕಟ್ಟದೆ ಸಕ್ಕರೆ ಕಾರ್ಖಾನೆಗಳು ಹೊರಬೇಕು.

ಇಲಿಯ ಯಕೃತ್ತು ನೋಡಿ ನಿಪ್ಪಾಣಿಯ ಹೆಂಗಸಿನ ಬಗ್ಗೆ ಮಾತಾಡಬಹುದೇ ಎಂಬುದು ವೈದ್ಯರೇ ಎತ್ತಬಹುದಾದ ಪ್ರಶ್ನೆ. ಇಲಿಗೆ ಕೊಟ್ಟ ಪ್ರಮಾಣ ಬೇರೆ, ಜರಡಿಯ ಮುಂದೆ ಕೂತವರ ಉಸಿರಿಗೆ ಇಳಿಯುವ ಪ್ರಮಾಣ ಬೇರೆ. ಅದಕ್ಕೇ ಇಲ್ಲಿನ ಜನರನ್ನೇ ಪರೀಕ್ಷಿಸಬೇಕು. ಉಸಿರಿನ ಬಲ ತಿಳಿಯಲು ಸ್ಪೈರೊಮೀಟರ್, ಜತೆಗೆ ಹಿಮೋಗ್ಲೋಬಿನ್ ಪರೀಕ್ಷೆ, ಆಯ್ದ ಕೆಲವರಲ್ಲಿ ಕೊಬ್ಬಿನ ಪೊರೆಗೆ ಆದ ಹಾನಿಯನ್ನು ತೋರುವ ರಕ್ತದ ಎಂ.ಡಿ.ಎ. ಮಟ್ಟ; ಇವ್ಯಾವುವೂ ದೊಡ್ಡ ಆಸ್ಪತ್ರೆಯ ಸಾಮಗ್ರಿಯಲ್ಲ. ಬೆಳಗಾವಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ, ಜೆ.ಎನ್. ಮೆಡಿಕಲ್ ಕಾಲೇಜಿದೆ, ಐ.ಸಿ.ಎಂ.ಆರ್. ಸಂಸ್ಥೆಯೂ ಇದೆ, ಅತ್ತ ವಿಜಯಪುರದ ಪ್ರಯೋಗಾಲಯವಿದೆ. ಚಿಕ್ಕೋಡಿ ಜಿಲ್ಲೆಯಾಗಲಿ ಎಂಬ ಬೇಡಿಕೆ ಈಡೇರುವತನಕ ಈ ಕೆಲಸ ಕಾಯಬೇಕಿಲ್ಲ.

ಈ ಪರೀಕ್ಷೆ ಮೊದಲು ಹೋಗಬೇಕಾದದ್ದು ಮಾತ್ರ ಮನೆಗಳಿಗೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಸ್ವಚ್ಛತೆ, ಗಾಳಿ-ಬೆಳಕಿನ ನಿಯಮ ಬರೆಯಿತು; ಆದರೆ ಆ ನಿಯಮ ಅನ್ವಯವಾಗುವ ಜಾಗದ ವ್ಯಾಖ್ಯೆಯಿಂದ ವಾಸದ ಮನೆಯನ್ನು ಹೊರಗಿಟ್ಟಿತು. ಬೀಡಿ ಕಟ್ಟುವ ಕೆಲಸ ಬಹುಪಾಲು ನಡೆಯುವುದು ಅಲ್ಲೇ, ಮಗು ಮಲಗುವ, ಅಡಿಗೆ ಬೇಯುವ ಕೋಣೆಯಲ್ಲೇ. ಎಲೆ, ತಂಬಾಕು ತೂಗಿ ಕೊಟ್ಟು ಬೀಡಿ ಎಣಿಸಿಕೊಳ್ಳುವ ಗುತ್ತಿಗೆದಾರರ ಲೆಕ್ಕಪುಸ್ತಕದಲ್ಲಿ ಈ ಹೆಂಗಸರ ಹೆಸರುಗಳಿವೆ. ಪರೀಕ್ಷೆಯ ಪಟ್ಟಿಯನ್ನು ಆರೋಗ್ಯ ಇಲಾಖೆ ಆ ಪುಸ್ತಕದಿಂದಲೇ ಶುರುಮಾಡಬಹುದು.